ಬಿಳಿ ನೂಲು, ಮುದುಕಿಯ ಎಮ್ಮೆ

"ಮೇಷ್ಟ್ರೇ, ಪರಿಸರ ವಿಜ್ಞಾನ, ಪರಿಸರ ಎಂಜಿನಿಯರಿಂಗ್, ಎರಡೂ ಒಂದೇ ಅಲ್ವಾ? ನಾಳೆ ಅರ್ಜೀಲಿ ಯಾವುದನ್ನ ಬರೀಲಿ?" ಅಂತ ಶಿಷ್ಯೆ ಚಂಪಕಾ ಕೇಳಿದ್ಲು.

ಈ ಸಲ ಒಂದಕ್ಷರ ಸುಳ್ಳಿದ್ರೂ ಮೀಸೆ ಬೋಳಿಸ್ಕೋತೀನಿ ಅಂತ ಆಣೆ ಇಟ್ಟು ಒಂದು ಕತೆ ಶುರು ಮಾಡ್ದೆ.

ನಮ್ಮ ತಾತ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ನೂಲಿಗೆ ಬಣ್ಣ ಹಾಕೋರ ಒಂದು ಊರು. ಮನೆಮನೆಯ ಹಂಡೆ ನೀರು ಮೋರಿ ಹಿಡಿದು ಹೋಗಿ ಒಬ್ಬ ಮುದುಕಿಯ ಬಾವಿ ಸೇರ್ತಿತ್ತು. ಬಾವಿ ಕೆಂಪಾಯ್ತು. ಇಣುಕಿ ನೋಡಿದ ಕಾಗೆ ಕೂಡ ಕೆಂಪಗಾಗಿ ಹಾರಿಹೋಯ್ತು. ಚಂಪಕಾ ನಕ್ಕಳು, ನಾನು ನೋಡದೋನ ಹಾಗೆ ಕತೆ ಮುಂದುವರಿಸ್ದೆ.

ಮುದುಕಿಗೆ ಇದ್ದದ್ದು ಒಂದೇ ಎಮ್ಮೆ. ಅದರ ಹಾಲಲ್ಲೇ ಬದುಕು. ಅದಕ್ಕೆ ಎರಡು ಮೈಲಿಯಿಂದ ನೀರು ಹೊತ್ತೂ ಹೊತ್ತೂ ಸೊಂಟ ಬಿತ್ತು. ಇನ್ನು ಎಮ್ಮೆ ಮಾರೋದೇ ಗತಿ.

ಊರಲ್ಲಿ ಇಬ್ಬರು ಅಣ್ಣತಮ್ಮ. ತಮ್ಮ ಎರಡೇ ದಿನದಲ್ಲಿ ಬಾವಿ ನೀರೆಲ್ಲ ಎತ್ತಿ ಚೆಲ್ಲಿ, ಮೋರಿಗೆ ತೊಟ್ಟಿ ಕಟ್ಟಿ, ಜಲ್ಲಿ, ಮರಳು, ಇದ್ದಿಲು ತುಂಬಿ ಸೋಸಿದ. ಬಣ್ಣದೋರು ನೀರು ಪರೀಕ್ಷೆ ಮಾಡೋದು ಬಿಳಿ ನೂಲು ಅದ್ದಿ. ನೂಲು ಬಿಳೀನೇ ಬಂತು. ಊರೆಲ್ಲ ಪಾಯಸ ಉಂಡ್ರು. ಎಮ್ಮೆ ಮಾತ್ರ ಮೂಸಿ ಮುಖ ತಿರುಗಿಸ್ತು.

ಅಣ್ಣ ಎಲ್ಲದಕ್ಕೂ 'ಯಾಕೆ' ಅಂತ ಕೇಳೋನು. ಮೋರಿ ಹಿಡಿದು ಒಂದೊಂದು ಮನೆ ನೀರನ್ನೂ ನಾಲಿಗೆಗೆ ಹಚ್ಚಿ ನೋಡ್ದ. ಬಣ್ಣ ಕಚ್ಚಲಿ ಅಂತ ಎಲ್ಲರೂ ಹಂಡೆಗೆ ಉಪ್ಪು ಸುರೀತಿದ್ರು. ಉಪ್ಪು ಇದ್ದಿಲಿಗೆ ನಿಲ್ಲಲ್ಲ, ನೂಲಲ್ಲಿ ಕಾಣಲ್ಲ. ಇದನ್ನೆಲ್ಲ ಪುಸ್ತಕದಲ್ಲಿ ಬರೆದು, ಇನ್ನೊಂದು ಬೇಸಿಗೆ ನೋಡೋಣ ಅಂತ ಕೂತ.

ಮುದುಕಿ ಬಂದು ನಿಂತಳು. "ಮಗಾ, ಎಮ್ಮೆಗೆ ನಿನ್ನ ಪುಸ್ತಕ ಕುಡಿಸ್ಲಾ?"

ಅಣ್ಣ ನಾಚಿ, ಪುಸ್ತಕ ಹಿಡಿದು ತಮ್ಮನ ಹತ್ರ ಹೋದ. ತಮ್ಮ ಊರಾಚೆ ಬಂಡೆ ಮೇಲೆ ಅಗಲವಾದ ಕಟ್ಟೆ ಕಟ್ಟಿ, ಹಂಡೆ ನೀರನ್ನೆಲ್ಲ ಅಲ್ಲಿಗೆ ತಿರುಗಿಸಿ ಬಿಸಿಲಿಗೆ ಒಣಗಿಸ್ದ. ಉಳಿದ ಉಪ್ಪು ಮತ್ತೆ ಹಂಡೆಗೇ ಹೋಯ್ತು. ಒಳ್ಳೆ ಮಳೆ ಬಿದ್ದು ಬಾವಿ ಸಿಹಿಯಾಯ್ತು. ಎಮ್ಮೆ ಗಟಗಟ ಕುಡೀತು, ಮುದುಕಿ ಮಾರೋ ಯೋಚನೆ ಬಿಟ್ಟು ಅದನ್ನ ಕೊಟ್ಟಿಗೆಗೆ ಹೊಡ್ಕೊಂಡು ಹೋದ್ಲು.

"ಅವತ್ತು ಆ ಮುದುಕಿ ಮೊದಲ ಕೊಡದ ನೀರನ್ನ ನನ್ನ ಬೊಗಸೆಗೇ ಹುಯ್ದಳು ಕಣೆ. ಏನು ರುಚಿ ಅಂತೀಯ" ಅಂದೆ.

"ಮೇಷ್ಟ್ರೇ, ಆಗ ನಿಮ್ಮ ತಾತನೇ ತೊಟ್ಟಿಲಲ್ಲಿದ್ರು. ಮೀಸೆ ಬೋಳಿಸೋಕೆ ಯಾರನ್ನ ಕರೀಲಿ?"

"ತಪ್ಪೆಲ್ಲಿದೆ ಅಂತ ಹುಡುಕಿದ್ಯಲ್ಲ, ಅದು ಅಣ್ಣನ ಓದು, ವಿಜ್ಞಾನ. ಈಗ ನನ್ನ ಮೀಸೆ ಉಳಿಯೋ ಹಾಗೆ ಕತೇನ ರಿಪೇರಿ ಮಾಡು, ಅದು ತಮ್ಮನದು, ಎಂಜಿನಿಯರಿಂಗ್."