ಕುಡಿಯದೆ ಕೆಳಗಿಟ್ಟ ಕಾಫಿ

"ಮರುಭೂಮಿಯ ಪದ್ಧತಿಗಳನ್ನು ನನಗೆ ಹೇಳಿಕೊಡಬೇಡಿ. ನಿಮ್ಮ ಅಜ್ಜನಿಗಿಂತ ನನಗೇ ಚೆನ್ನಾಗಿ ಗೊತ್ತು!" ಎಂದ ಬ್ಲೆಂಕಿನ್ ಸಾಹೇಬ, ಕಾಫಿ ಬಟ್ಟಲನ್ನು ತುಟಿಗೂ ಸೋಕಿಸದೆ ಕೆಳಗಿಟ್ಟುಬಿಟ್ಟ.

ಖಬ್ರಾನಿನ ಅಮೀರ ಮುತ್ಲಕನ ಎದೆ ಧಸಕ್ಕೆಂದಿತು. ಅರಬರ ಆ ಸೀಮೆಯಲ್ಲಿ ಅತಿಥಿ ಕಾಫಿ ಕುಡಿಯದೆ ಕೆಳಗಿಟ್ಟರೆ, ಏನೋ ಕೇಳಲಿದ್ದಾನೆ ಎಂದರ್ಥ. ಕೇಳಿದ್ದು ಕೊಟ್ಟರೆ ಕುಡಿಯುತ್ತಾನೆ. ಕೊಡದಿದ್ದರೆ ಮನೆ ಯಜಮಾನನ ಮಾನ ಮೂರಾಬಟ್ಟೆ. ಇಂಗ್ಲಿಷ್ ಸರಕಾರದ ಕರ್ನಲ್ಲನಿಗೆ ಇದನ್ನು ಹೇಳಿಕೊಟ್ಟವರಾದರೂ ಯಾರು? ಇದೇ ಅಮೀರ! ಹೋದ ಸಲ ಹೊಟ್ಟೆ ಬಿರಿಯ ಉಂಡ ಖುಷಿಯಲ್ಲಿ ಬಾಯಿಬಿಟ್ಟಿದ್ದ.

"ಏನಾಗಬೇಕು ಸಾಹೇಬರೇ?"

"ಶೇಖ್ ನಹಾರ್ ಇವತ್ತೇ ನನ್ನ ಡೇರೆಗೆ ಬರಬೇಕು. ಇಲ್ಲವೋ, ನಮ್ಮ ವಿಮಾನ ಬಂದು ನಿಮ್ಮೂರಿನ ಮೇಲೆ ಬಾಂಬು ಹಾಕುತ್ತೆ."

ನಹಾರ್ ಎಂದರೆ ದಂಗೆಯೆದ್ದ ಕುಲದ ಮುಖಂಡ. ದಂಗೆ ಯಾಕೆ ಅಂತೀರಾ? ಸಾಹೇಬ ತನ್ನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು, ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಕೆಂಪು ಗೆರೆ ಎಳೆದಿದ್ದ. ಗೆರೆಯ ಈಚೆಗೆ ನಹಾರನ ಒಂಟೆಗಳು, ಆಚೆಗೆ ಅವು ನೀರು ಕುಡಿಯುವ ಬಾವಿ. ಗೆರೆ ದಾಟಿದರೆ ಗುಂಡು. ಒಂಟೆಗೆ ನಕ್ಷೆ ಓದಲು ಬರುತ್ತದೆಯೇ? ಪಾಪ, ದಾಟಿದವು. ಗುಂಡು ಹಾರಿತು, ದಂಗೆಯೆದ್ದಿತು. ಈಗ ನಹಾರ್ ಅಮೀರನ ಆಶ್ರಯ ಬೇಡಿ ಬಂದು, ಹಿಂದಿನ ಕೋಣೆಯಲ್ಲೇ ಖರ್ಜೂರ ತಿನ್ನುತ್ತ ಕೂತಿದ್ದ.

ನಂಬಿ ಬಂದವನನ್ನು ಹಿಡಿದುಕೊಟ್ಟರೆ ಮಾನ ಹೋಯಿತು. ಕೊಡದಿದ್ದರೆ ಮಾನವೂ ಹೋಯಿತು, ಊರೂ ಹೋಯಿತು. ಅಮೀರ ಪಕ್ಕದಲ್ಲಿ ಕೂತಿದ್ದ ಹಮ್ದಾನನ ಮುಖ ನೋಡಿದ. ಆಸ್ಥಾನದಲ್ಲಿ ಹಮ್ದಾನನ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. ಕಷ್ಟ ಬಂದಾಗ ಮಾತ್ರ ಎಲ್ಲರೂ ಅವನನ್ನೇ ಹುಡುಕುತ್ತಿದ್ದರು.

"ಕೊಟ್ಟೆವು!" ಎಂದುಬಿಟ್ಟ ಹಮ್ದಾನ್. "ಶೇಖರು ನಿಮ್ಮ ಡೇರೆಗೆ ಬರುತ್ತಾರೆ. ಕುಡೀರಿ ಸಾಹೇಬರೇ, ಕಾಫಿ ಆರಿಹೋಗುತ್ತೆ."

ಸಾಹೇಬ ಗೆದ್ದ ಗತ್ತಿನಲ್ಲಿ ಕುಡಿದ. ಸಾಕೆನ್ನಲು ಬಟ್ಟಲನ್ನು ಅಲುಗಿಸಬೇಕು ಎಂಬುದನ್ನು ಮಾತ್ರ ಅಮೀರ ಹೇಳಿಕೊಟ್ಟಿರಲಿಲ್ಲ. ಆಳು ಸುರಿಯುತ್ತಲೇ ಹೋದ, ಸಾಹೇಬ ಕುಡಿಯುತ್ತಲೇ ಹೋದ. ಕೊನೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು, ಊರಾಚೆ ಹಾಕಿಸಿದ್ದ ಡೇರೆಗೆ ಹೊರಟುಹೋದ.

ಅಮೀರ ಹಮ್ದಾನನ ಕಿವಿ ಹಿಡಿದ. "ಅಯ್ಯೋ ಪಾಪಿ, ಅತಿಥೀನ ಹಿಡಿದುಕೊಟ್ಟೆಯಲ್ಲೋ! ನಾಳೆ ನನ್ನ ಒಂಟೆಯೂ ನನ್ನ ಮುಖಕ್ಕೆ ಉಗಿಯುತ್ತೆ."

"ಅದು ಈಗಲೂ ಉಗಿಯುತ್ತೆ ಹುಜೂರ್. ಕೈಕೋಳ ಹಾಕಿ ಅಂದರೇ ಅವರು? ಡೇರೆಗೆ ಬರಲಿ ಅಂದರು. ನೆಂಟರ ಮನೆಗೆ ಕಳಿಸುವ ಹಾಗೆ ಕಳಿಸೋಣ."

ಹಮ್ದಾನ್ ಹಿಂದಿನ ಕೋಣೆಗೆ ಹೋಗಿ ನಹಾರನ ಕಿವಿಯಲ್ಲಿ ಏನೋ ಉಸುರಿದ. ನಹಾರ್ ಖರ್ಜೂರದ ಬೀಜ ಉಗುಳಿ, ಗಡ್ಡ ಬಾಚಿಕೊಂಡು ಹೊರಟೇಬಿಟ್ಟ. ಹಿಂದೆಯೇ ಹಮ್ದಾನ್, ಅವನ ಹಿಂದೆ ಅಮೀರ.

ಡೇರೆಯ ಬಾಗಿಲಲ್ಲಿ ಸಾಹೇಬನ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ದರು. ಎಲ್ಲರೂ ಮರುಭೂಮಿಯ ಮಕ್ಕಳೇ, ಸಂಬಳ ಮಾತ್ರ ಇಂಗ್ಲಿಷರದು. ನಹಾರ್ ನೇರ ಒಳಗೆ ನುಗ್ಗಿದವನೇ ಡೇರೆಯ ನಡುಗಂಬವನ್ನು ತಬ್ಬಿ ಹಿಡಿದ.

"ಸಾಹೇಬರೇ, ನಿಮ್ಮ ಆಶ್ರಯಕ್ಕೆ ಬಂದೆ!"

ಅಮೀರನಿಗೆ ಈಗ ಹೊಳೆಯಿತು. ನಗು ಉಕ್ಕಿ ಬಂದು ಮುಂಡಾಸಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಕಂಬ ಹಿಡಿದವನು ಕಡುವೈರಿಯೇ ಆಗಿರಲಿ, ಡೇರೆಯ ಯಜಮಾನ ಜೀವ ಕೊಟ್ಟಾದರೂ ಅವನನ್ನು ಕಾಯಬೇಕು. ಅಲ್ಲಿನ ಕಟ್ಟಳೆ ಅದು.

"ಹಿಡೀರಿ ಅವನನ್ನ!" ಎಂದು ಸಾಹೇಬ ಕೂಗಿದ.

ಸಿಪಾಯಿಗಳು ಗಿರಕ್ಕನೆ ತಿರುಗಿ, ಶೇಖನಿಗೆ ಬೆನ್ನು ಕೊಟ್ಟು, ಬಂದೂಕುಗಳನ್ನು ಹೊರಗೆ ಚಾಚಿ ಕಾವಲು ನಿಂತರು. "ಕ್ಷಮಿಸಿ ಸಾಹೇಬರೇ," ಎಂದ ಜಮಾದಾರ. "ಆಶ್ರಯ ಬೇಡಿದವನನ್ನು ಹಿಡಿಸುವವನ ಉಪ್ಪು ನಮಗೆ ಬೇಡ. ನೀವು ಹಿಡಿಯೋದಾದರೆ ನಾವು ಊರಿಗೆ ಹೋಗ್ತೀವಿ. ಒಂಟೆಗಳು ನಮ್ಮವು."

ಸುತ್ತ ಕಣ್ಣು ಹಾಯಿಸಿದಷ್ಟೂ ಮರಳು. ಸಾಹೇಬ ಕುರ್ಚಿಯಲ್ಲಿ ಕುಸಿದ.

"ವಿಮಾನ ಕರೆಸ್ತೀನಿ!"

"ಧಾರಾಳವಾಗಿ ಕರೆಸಿ," ಎಂದ ಹಮ್ದಾನ್. "ಶೇಖ್ ಎಲ್ಲಿದ್ದಾನೆ ಎಂದು ಕೇಳಿದರೆ 'ನನ್ನ ಮಂಚದ ಮೇಲೆ' ಅನ್ನಿ."

ನಿಜಕ್ಕೂ ನಹಾರ್ ಅಷ್ಟರಲ್ಲಿ ಮಂಚದ ಮೇಲೆ ಕಾಲು ಮಡಚಿ ಕೂತಾಗಿತ್ತು. ಸಾಹೇಬನ ಸೊಳ್ಳೆಪರದೆಯನ್ನು ಎತ್ತಿ ನೋಡಿ, ಇಷ್ಟು ತೆಳ್ಳನೆಯ ಡೇರೆಯಲ್ಲಿ ಚಳಿಯಾಗುವುದಿಲ್ಲವೇ ಎಂದು ಕಾಳಜಿಯಿಂದ ವಿಚಾರಿಸಿದ.

"ಇವನು ಹೋಗೋದು ಯಾವಾಗ?" ಸಾಹೇಬನ ದನಿ ಅಳುವಂತಾಗಿತ್ತು.

"ಮೊದಲು ಉಪಚಾರ ಆಗಲಿ ಸಾಹೇಬರೇ. ಪದ್ಧತಿ ನಿಮಗೆ ಗೊತ್ತೇ ಇದೆ."

ಸಾಹೇಬನ ಅಡುಗೆಯವನು ಟೀ ತಂದುಕೊಟ್ಟ. ನಹಾರ್ ಕಪ್ಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಮೂಸಿದ, ಆಮೇಲೆ ಮೆಲ್ಲಗೆ ಕೆಳಗಿಟ್ಟ. ಕುಡಿಯಲಿಲ್ಲ.

ಸಿಪಾಯಿಗಳೆಲ್ಲ ಕತ್ತು ಹೊರಳಿಸಿ ಸಾಹೇಬನನ್ನೇ ನೋಡಿದರು.

"ಏ... ಏನಾಗಬೇಕು?" ಎಂದ ಸಾಹೇಬ.

"ನನ್ನ ಬಾವಿ," ಎಂದ ನಹಾರ್.

ಸಾಹೇಬ ಒಮ್ಮೆ ಟೀ ನೋಡಿದ, ಒಮ್ಮೆ ಜಮಾದಾರನ ಮೀಸೆ ನೋಡಿದ. ನಕ್ಷೆ ಬಿಡಿಸಿ, ಹಳೆಯ ಗೆರೆ ಅಳಿಸಿ, ಬಾವಿ ನಹಾರನ ಕಡೆಗೇ ಉಳಿಯುವಂತೆ ಹೊಸ ಗೆರೆ ಎಳೆದು ರುಜು ಹಾಕಿದ. ಗೆರೆ ಒಂಟೆಯ ಡುಬ್ಬದಂತೆ ಬಂತು. ನಹಾರ್ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಸಾಹೇಬನ ಎರಡೂ ಕೆನ್ನೆಗೆ ಮುತ್ತಿಟ್ಟು, ತನ್ನ ಒಂಟೆಗಳಿಗೆ ನೀರು ಕುಡಿಸಲು ನಡೆದ. ದಂಗೆಯನ್ನು ಅಡಗಿಸಿದೆನೆಂದು ಸಾಹೇಬ ಮೇಲಿನವರಿಗೆ ತಂತಿ ಕಳಿಸಿದನಂತೆ. ಕಳಿಸಲಿ ಬಿಡಿ, ನಮ್ಮ ಗಂಟೇನು ಹೋಗುತ್ತೆ?

ಅಮೀರ ಅರಮನೆಗೆ ಬಂದು ಬಿದ್ದು ಬಿದ್ದು ನಕ್ಕ. ಹಮ್ದಾನನಿಗೆ ತನ್ನ ಕೈಯಾರೆ ಕಾಫಿ ಸುರಿದುಕೊಟ್ಟ. ಹಮ್ದಾನ್ ಬಟ್ಟಲನ್ನು ತೆಗೆದುಕೊಂಡು ಹಾಗೆಯೇ ಕೆಳಗಿಟ್ಟ.

ಅಮೀರನ ನಗು ಗಕ್ಕನೆ ನಿಂತಿತು. "ಅಯ್ಯೋ, ನಿನಗೇನು ಬೇಕೋ ಮಾರಾಯ? ಕುದುರೆಯೇ? ತೋಟವೇ?"

"ಒಂದು ಮಾತು ಕೊಡಿ ಹುಜೂರ್, ಸಾಕು. ಇನ್ನು ಮೇಲೆ ಸಾಹೇಬರು ಯಾರೇ ಬಂದರೂ ಶರಬತ್ತು ಕೊಡಿ. ಅದಕ್ಕೆ ಯಾವ ಪದ್ಧತಿಯೂ ಇಲ್ಲ."