ತಪ್ಪಿಲ್ಲದ ಕುಲಾವಿ

"ಗುರುಗಳೇ, ನನ್ನ ಕಲಿಕೆ ಪೂರ್ತಿಯಾಗುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಮಠ ಸೇರುತ್ತೇನೆಂದು ಅವನು ಹೊರಟಾಗ, "ನೀನು ಅಲ್ಲಿ ಕಲಿಯುವುದು ಅಷ್ಟರಲ್ಲೇ ಇದೆ" ಎಂದು ಅವಳು ಮುಖ ತಿರುಗಿಸಿದ್ದಳು. ಪಂಡಿತನಾಗಿಯೇ ಅವಳ ಮುಂದೆ ನಿಲ್ಲಬೇಕೆಂಬುದು ಇವನ ಹಟ.

"ಇನ್ನೂ ಕೆಲವು ಗ್ರಂಥಗಳು ಬಾಕಿ ಇವೆ. ಮುಗಿದ ದಿನವೇ ಊರಿಗೆ ಹೋಗುತ್ತೇನೆ" ಎಂದ ಶಿಷ್ಯ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಉಣ್ಣೆ ವ್ಯಾಪಾರಿ ಇದ್ದ. ಜೀವಮಾನವೆಲ್ಲ ನೂಲು ತೂಗಿ ಮಾರಿದವನಿಗೆ ಒಂದು ಕುಣಿಕೆ ಹಾಕಲೂ ಬಾರದು. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು ಬೆಟ್ಟದ ಸೀಮೆಯಲ್ಲಿ ಗಂಡನ ಮನೆಯಲ್ಲಿದ್ದಳು. ತವರಿನಲ್ಲಿ ಬಾಣಂತನ ಮಾಡುವವರಿಲ್ಲವಲ್ಲ, ಹೆರಿಗೆಯೂ ಅಲ್ಲೇ ಆಯಿತು. ಹೆಣ್ಣುಮಗು ಎಂಬ ಸುದ್ದಿ ಕೇಳಿ ವ್ಯಾಪಾರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಆದರೆ ಕೂಸನ್ನು ಬರಿಗೈಯಲ್ಲಿ ನೋಡಬಾರದು. ಏನು ಒಯ್ಯುವುದು? ಮದುವೆಗೆ ಮುಂಚೆ ಮಗಳು ಒಮ್ಮೆ, "ಅಪ್ಪ, ನೀವು ನನಗೆ ಕೊಟ್ಟಿದ್ದೆಲ್ಲ ಅಂಗಡಿಯದೇ" ಎಂದಿದ್ದಳು. ಆ ಮಾತು ಅವನನ್ನು ಇನ್ನೂ ಚುಚ್ಚುತ್ತಿತ್ತು. ಈ ಸಲ ತನ್ನ ಕೈಯಿಂದಲೇ ಒಂದು ಕುಲಾವಿ ಹೆಣೆದು ಒಯ್ಯುತ್ತೇನೆಂದು ನಿಶ್ಚಯಿಸಿ, ಪಕ್ಕದ ಮನೆಯ ಅಜ್ಜಿಯ ಮುಂದೆ ಕಡ್ಡಿ ಹಿಡಿದು ಕೂತ.

ಎಡಗೈ ಕಡ್ಡಿಯ ಕುಣಿಕೆಯೊಳಗೆ ಬಲಗೈ ಕಡ್ಡಿ ತೂರಿಸಬೇಕು, ನೂಲು ಸುತ್ತಿ ಈಚೆಗೆ ಎಳೆಯಬೇಕು. ಅಜ್ಜಿ ಮಾತಾಡುತ್ತಲೇ ಮಾಡುತ್ತಿದ್ದ ಕೆಲಸಕ್ಕೆ ಇವನಿಗೆ ಬೆವರಿಳಿಯಿತು. ಸಡಿಲ ಬಿಟ್ಟರೆ ಕುಣಿಕೆ ಜಾರುತ್ತಿತ್ತು. ಬಿಗಿಯಾಗಿ ಎಳೆದರೆ ಮುಂದಿನ ಸಾಲಿಗೆ ಕಡ್ಡಿಯೇ ತೂರುತ್ತಿರಲಿಲ್ಲ. ಅಂತೂ ಕುಲಾವಿ ಅರ್ಧದಷ್ಟಾಯಿತು. ಆಗ ಕೆಳಗಿನ ಸಾಲಿನಲ್ಲಿ ಒಂದು ಕುಣಿಕೆ ಬಿಟ್ಟುಹೋಗಿ ತೂತಾಗಿರುವುದು ಕಣ್ಣಿಗೆ ಬಿತ್ತು.

ಹೆಣಿಗೆಯ ಅನುಕೂಲವೂ ಕೇಡೂ ಒಂದೇ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಹೆಣೆದದ್ದನ್ನು ಎಳೆದರೆ ಸರಸರ ಬಿಚ್ಚಿಕೊಂಡು, ನೂಲು ಮತ್ತೆ ನೂಲೇ ಆಗುತ್ತದೆ. ವ್ಯಾಪಾರಿ ಎಳೆದ.

"ಇರ್ಲಿ ಬಿಡಪ್ಪ, ಸಣ್ಣ ತೂತು. ಕೂಸಿಗೇನು ಗೊತ್ತಾಗುತ್ತೆ?" ಎಂದಳು ಅಜ್ಜಿ.

"ಕೂಸಿನ ಅಮ್ಮನಿಗೆ ಗೊತ್ತಾಗುತ್ತಲ್ಲ ಅಜ್ಜಿ" ಎಂದ.

ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂತು. ಕುಲಾವಿಯ ಅಂಚು ಸೊಟ್ಟಗಿತ್ತು. ಅಂಗಡಿ ಬಿಟ್ಟು ಬರುವಂತಿಲ್ಲ ಎಂದು ಸುಳ್ಳು ಹೇಳಿಕಳಿಸಿ, ಬಿಚ್ಚಿ ಮತ್ತೆ ಕೂತ. ಮಗು ಬೋರಲು ಬಿತ್ತಂತೆ. ಹಲ್ಲು ಬಂತಂತೆ. ಒಂದೊಂದು ಸುದ್ದಿಗೂ ಅವನ ಜೀವ ಚಡಪಡಿಸುತ್ತಿತ್ತು. ಚಡಪಡಿಸಿದರೆ ಕೈ ತಪ್ಪುತ್ತಿತ್ತು, ತಪ್ಪಿದರೆ ಬಿಚ್ಚುತ್ತಿದ್ದ. ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದ. ಗಿರಾಕಿಗೆ ನೂಲು ತೂಗುವಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ. ಅಜ್ಜಿ ಹೇಳಿ ಹೇಳಿ ಸಾಕಾಗಿ, ತನ್ನ ಪಾಡಿಗೆ ತಾನು ಹೆಣೆಯತೊಡಗಿದಳು.

ಕೊನೆಗೂ ಒಂದು ದಿನ ಎಲ್ಲಿಯೂ ತಪ್ಪಿಲ್ಲದ ಕುಲಾವಿ ಮುಗಿಯಿತು. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ. ಅಂಗಡಿಗೆ ಬೀಗ ಹಾಕಿ ಅದೇ ಗಳಿಗೆಯಲ್ಲಿ ಹೊರಟ.

ಮಗಳ ಮನೆಯ ಬಾಗಿಲು ತಟ್ಟಿದ. ಒಂದು ಪುಟ್ಟ ಹುಡುಗಿ ಎರಡೂ ಕೈಯಿಂದ ಕದ ಎಳೆದು ತೆರೆದು, ಅವನನ್ನು ನೋಡಿ ಒಳಗೆ ಓಡಿದಳು.

"ಅಮ್ಮಾ, ಯಾರೋ ಬಂದ್ರು."

ಮಗಳು ಬಂದಳು. ಕುಲಾವಿಯನ್ನು ಒಳಗೂ ಹೊರಗೂ ತಿರುವಿ ನೋಡಿದಳು. ಹುಡುಗಿಯ ತಲೆಗೆ ಹಾಕಿದಳು. ಅದು ನೆತ್ತಿಯಿಂದ ಕೆಳಗೆ ಇಳಿಯಲಿಲ್ಲ.

"ಒಂದು ಕುಣಿಕೆಯೂ ತಪ್ಪಿಲ್ಲ, ಅಪ್ಪ" ಎಂದಳು ಮಗಳು.

ವ್ಯಾಪಾರಿ ಮೊಮ್ಮಗಳತ್ತ ಕೈ ಚಾಚಿದ. ಅವಳು ಅಮ್ಮನ ಸೆರಗಿನ ಹಿಂದೆ ಸರಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆಮೇಲಾದರೂ ಆ ಮಗು ಅಜ್ಜನ ಹತ್ತಿರ ಬಂತೇ?"

"ನಿನ್ನ ಅಕ್ಕನಿಗೆ ಈಗ ವಯಸ್ಸೆಷ್ಟು?" ಎಂದರು ಗುರುಗಳು.

ಶಿಷ್ಯ ಬೆರಳು ಮಡಿಸಿ ವರ್ಷಗಳನ್ನು ಎಣಿಸತೊಡಗಿದ.