ಬೋಳುತಲೆಯೂ ಹೊಂಗೆಯ ನೆರಳೂ

"ಇಂಥ ಕಲ್ಲಿನ ಅರಮನೆ ಈ ಸೀಮೆಯಲ್ಲೇ ಇಲ್ಲ!" ಅಂತ ನಮ್ಮ ಮುದಿಯಪ್ಪ ನಾಯಕರು ತಾವು ಹೊಸದಾಗಿ ಕಟ್ಟಿಸಿದ್ದನ್ನು ನೋಡಿ ಮೀಸೆ ತಿರುವಿದರು. "ಗೋಡೆಗೂ ಕಲ್ಲು, ಅಂಗಳಕ್ಕೂ ಕಲ್ಲು. ಬೀದಿಯ ಹೊಂಗೆಮರಗಳೇ ಅಡ್ಡ. ಬಸವಂತ, ಎಲ್ಲಾ ಕಡಿಸಿ ಅಲ್ಲೂ ಕಲ್ಲು ಹಾಸಿಸು."

ಬಸವಂತ ಅಂದರೆ ನಾನು. ಆಸ್ಥಾನದಲ್ಲಿ ಜಾಣ ಅಂತ ಹೆಸರು. ಮನೆಯಲ್ಲಿ ಹೆಂಡತಿ ಇನ್ನೂ ಒಪ್ಪಿಲ್ಲ. ಮರ ಹೋದರೆ ಹೂವಾಡಗಿತ್ತಿಯರು, ಕುಂಬಾರರು ಎಲ್ಲಿ ಕೂತು ವ್ಯಾಪಾರ ಮಾಡಬೇಕು ಅಂತ ಸಂಕಟವಾಯಿತು. ಸುಳ್ಳೇಕೆ, ಮೊದಲು ನೆನಪಾದದ್ದು ನನ್ನ ಬೋಳುತಲೆ. ಮನೆಯಿಂದ ಅರಮನೆಯವರೆಗೆ ಅದಕ್ಕಿದ್ದ ಕೂದಲೆಂದರೆ ಆ ಹೊಂಗೆಗಳೇ.

ಬೇಡ ಅನ್ನುವ ಧೈರ್ಯ ನನಗೆಲ್ಲಿ?

"ಅಪ್ಪಣೆ ಪ್ರಭು. ಆದರೆ ಶುಭಕಾರ್ಯಕ್ಕೆ ಮುಂಚೆ ಹಸಿರುಮರಕ್ಕೆ ಕೊಡಲಿ ಬೇಡ. ಗೃಹಪ್ರವೇಶ ಮುಗಿಯಲಿ."

"ಸರಿ. ಮುಹೂರ್ತ ನೀನೇ ಇಡಿಸು."

ಜೋಯಿಸರು ಹೌಹಾರಿದರು. "ಈ ಬೇಸಗೆಯಲ್ಲಿ ಅಭಿಜಿನ್ ಮುಹೂರ್ತವೇ? ನಡುಮಧ್ಯಾಹ್ನ ಕಣಯ್ಯಾ!"

"ದೋಷ ಇದೆಯೇ?"

"ದೋಷವಿಲ್ಲ, ಬಿಸಿಲಿದೆ."

"ಹಾಗಾದರೆ ಬರೆಯಿರಿ."

ಆ ದಿನ ನಾಯಕರು ಕಲಶ ಹಿಡಿದು, ಪದ್ಧತಿಯಂತೆ ಬರಿಗಾಲಲ್ಲಿ ಹೊರಟರು. ಹೊಂಗೆಯ ನೆರಳಲ್ಲಿ ಬೀದಿಯುದ್ದಕ್ಕೂ ರಾಜಗಾಂಭೀರ್ಯ. ನಾನು ಪೇಟ ಕಂಕುಳಲ್ಲಿಟ್ಟುಕೊಂಡು, ಅಂಗಳದ ಬಾಗಿಲಲ್ಲಿ ತಲೆ ಕಾಯಿಸುತ್ತಾ ನಿಂತಿದ್ದೆ. ಕಾಲಡಿಗೆ ಮಣೆ ಹಾಕಿಕೊಂಡೇ, ಅಷ್ಟು ಪೆದ್ದನಲ್ಲ.

ನಾಯಕರು ಅಂಗಳಕ್ಕೆ ಕಾಲಿಟ್ಟರು.

"ಅಯ್ಯಯ್ಯಪ್ಪಾ!"

ಯುದ್ಧದಲ್ಲೂ ಹಿಂದೆ ಸರಿಯದವರು ಕುಣಿಯುತ್ತಾ ಮರದಡಿಗೆ ಓಡಿದರು. "ಇದೇನು ಅಂಗಳವೋ, ದೋಸೆಕಲ್ಲೋ?" ಅಂತ ರಾಣಿಯವರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಬಸವಂತಾ! ಈ ಮುಹೂರ್ತ ಇಟ್ಟ ನಿನ್ನ ತಲೆ ತೆಗೆಸುತ್ತೇನೆ!"

ಓಡಿಹೋಗಿ ತಲೆ ಬಗ್ಗಿಸಿದೆ. "ತೆಗೆಸುವ ಮುಂಚೆ ಒಮ್ಮೆ ಮುಟ್ಟಿ ನೋಡಿ, ಪ್ರಭು."

ಮುಟ್ಟಿದವರು ಕೈ ಕೊಡವಿದರು. "ಸುಡುತ್ತದಲ್ಲೋ!"

"ಒಂದು ಕಾಲಕ್ಕೆ ಇಲ್ಲೂ ದಟ್ಟ ಕಾಡಿತ್ತು. ಹೋದಮೇಲೆ ಹರಳೆಣ್ಣೆ ಹಚ್ಚಿದೆ, ಹರಕೆ ಹೊತ್ತೆ, ಒಂದೆಳೆ ಹುಟ್ಟಲಿಲ್ಲ. ನನಗಾದರೆ ಪೇಟ ಇದೆ. ನಾಳೆ ಊರೇ ಬೋಳಾದರೆ, ಅದಕ್ಕೆ ಪೇಟ ಸುತ್ತುವವರು ಯಾರು, ಪ್ರಭು?"

ನಾಯಕರು ಪಾದ ತಿಕ್ಕಿಕೊಳ್ಳುತ್ತಲೇ ಹೊಟ್ಟೆ ಹಿಡಿದು ನಕ್ಕರು. "ಮರಗಳು ಇರಲಿ! ಅಂಗಳದ ಕಲ್ಲನ್ನೂ ಕೀಳಿಸಿ ಹೊಂಗೆ ನೆಡಿಸು. ನೀರು ಹಾಕುವವನು ಮಾತ್ರ ನೀನೇ!"

ಹಾಕಿದೆ. ಸಸಿಗಳು ಚಿಗುರಿದವು. ಆಸೆ ನೋಡಿ, ದಿನಾ ಮಿಕ್ಕ ಒಂದು ಚೊಂಬು ನೀರನ್ನು ನನ್ನ ತಲೆಗೂ ಸುರಿದುಕೊಳ್ಳುತ್ತಿದ್ದೆ.

ನೋಡಿ ನೋಡಿ ಸಾಕಾಗಿ ಹೆಂಡತಿ ಅಂದಳು: "ಮಣ್ಣಿರೋ ಕಡೆ ಹಾಕ್ರೀ. ಕಲ್ಲಿಗ್ಯಾಕೆ ನೀರು ದಂಡ ಮಾಡ್ತೀರಿ?"